ಪಟ್ಟದ ಗೊಂಬೆಯ ಪಕ್ಕದ ಸಿಪಾಯಿ

ಮೊನ್ನೆ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿದವರು ಎದುರು ಮನೆಯ ರಾಯ್ಸಾ. ಒಂದು ಕೈ ವಾಕರ್ ಮೇಲೆ, ಇನ್ನೊಂದು ಕೈಯಲ್ಲಿ ನಮ್ಮ ಅತ್ತೆಯ ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಕಟ್ಟಿದ ಪುಟ್ಟ ಗಂಟು. "ಅಪ್ಪನನ್ನು ಕರೆದುಕೊಂಡು ಬಂದಿದ್ದೇನೆ. ನಾಳೆ ಕೂರಿಸುತ್ತೀಯಲ್ಲ?" ಎಂದು ಗಂಟನ್ನು ನನ್ನ ಕೈಗಿಟ್ಟರು.

ನೀವು ಗಾಬರಿಯಾಗಬೇಕಿಲ್ಲ. ಅಪ್ಪ ಎಂದರೆ ಒಂದು ಮೆಡಲ್ಲು. ಹಳೆಯ ಬೆಳ್ಳಿ ರೂಪಾಯಿಗಿಂತ ಸ್ವಲ್ಪ ದೊಡ್ಡದು. ಮೇಲೆ ಮೂರು ಪುಟ್ಟ ವಿಮಾನ, ಕೆಳಗೆ ಒಂದು ಟ್ಯಾಂಕು, ನಡುವೆ ಕೆಂಪಗೆ ಎರಡು ರಷ್ಯನ್ ಪದ. 'ಎದೆಗಾರಿಕೆಗಾಗಿ' ಎಂದು ಅದರ ಅರ್ಥವಂತೆ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಸೈನ್ಯದ ಸಿಪಾಯಿಯಾಗಿದ್ದ ಗ್ರಿಗೊರಿ ಎಂಬುವವರಿಗೆ ಕೊಟ್ಟದ್ದು. ಅವರ ಮಗಳು ರಾಯ್ಸಾ. ಮಿನ್ಸ್ಕ್‌ನಲ್ಲಿ ಹುಟ್ಟಿ, ಮ್ಯಾನ್‌ಹ್ಯಾಟನ್ನಿನ ಎದುರು ದಡದ ಫೋರ್ಟ್ ಲೀಯಲ್ಲಿ ನಮ್ಮದೇ ಮಹಡಿಗೆ ಬಂದು ಸೇರಿದವರು.

ಮಹಾಲಯ ಅಮಾವಾಸ್ಯೆ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಕಡೆ ಅಂದು ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಎಲೆಯ ತುಂಬ ಅವರವರಿಗೆ ಇಷ್ಟವಾದ ಅಡುಗೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಆಚೆ ಬರಬೇಕು. ನಾವು ನೋಡುತ್ತಿದ್ದರೆ ಹಿರಿಯರಿಗೆ ಸಂಕೋಚವಂತೆ. ಒಂದಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗಿ, ಆ ಎಡೆಯನ್ನೇ ಹಂಚಿಕೊಂಡು ಉಣ್ಣಬೇಕು. ಚಿಕ್ಕವಳಿದ್ದಾಗ ನಾನು ಬಾಗಿಲ ಸಂದಿಗೆ ಕಣ್ಣಿಟ್ಟು, ತಾತ ಬಂದು ಮಾಂಸದ ಸಾರಿಗೆ ಕೈ ಹಾಕುತ್ತಾನೋ ಇಲ್ಲವೋ ಎಂದು ಕಾದವಳು. ಬಂದದ್ದು ಪಕ್ಕದ ಮನೆಯ ಬೆಕ್ಕು. ತಾತನೇ ಆ ರೂಪದಲ್ಲಿ ಬಂದಿದ್ದಾನೆ ಎಂದುಕೊಂಡು ಸುಮ್ಮನಿದ್ದೆ. ಮೀನಿನ ತುಂಡು ಹೋದದ್ದಕ್ಕೆ ಅವ್ವ ನನ್ನನ್ನು ಬೈದಳು, ಬೆಕ್ಕನ್ನಲ್ಲ.

ಫೋರ್ಟ್ ಲೀಯಲ್ಲಿ ಎಡೆ ಇಡುವ ಭಾಗ್ಯ ನನಗಿಲ್ಲ. ಮೊದಲ ವರ್ಷ ಇಟ್ಟಿದ್ದೆ. ಸಾಂಬ್ರಾಣಿ ಹೊಗೆಗೆ ಸ್ಮೋಕ್ ಅಲಾರ್ಮ್ ಬಡಿದುಕೊಂಡು, ಇಡೀ ಬಿಲ್ಡಿಂಗಿನ ಜನ ಚಳಿಯಲ್ಲಿ ಪಾರ್ಕಿಂಗ್ ಲಾಟಿಗೆ ಬಂದು ನಿಂತರು. ಹಿರಿಯರಿಗಾಗಿ ಮನೆ ಬಿಟ್ಟು ಆಚೆ ಬರುವುದು ಎಂದರೆ ಅಷ್ಟು ದೊಡ್ಡ ಪ್ರಮಾಣದಲ್ಲಿ ಯಾರೂ ಬಂದಿರಲಿಕ್ಕಿಲ್ಲ. ಅಂದಿನಿಂದ ನಮ್ಮ ಪಾಲಿನ ಎಡೆಯೂ ಮೈಸೂರಿನಲ್ಲಿ ಅತ್ತೆಯ ಕೈಯಲ್ಲೇ ಆಗುತ್ತದೆ.

ಎಡೆ ಬಿಟ್ಟರೂ ಗೊಂಬೆ ಬಿಟ್ಟಿಲ್ಲ. ಅಮಾವಾಸ್ಯೆಯ ಮರುದಿನ ನವರಾತ್ರಿ. ಆನ್‌ಲೈನಿನಲ್ಲಿ ತರಿಸಿದ ಸಾಮಾನಿನ ಖಾಲಿ ಪೆಟ್ಟಿಗೆಗಳನ್ನು ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿದರೆ ಹಂತಗಳು ಸಿದ್ಧ. ತುತ್ತತುದಿಯಲ್ಲಿ ಮದುವೆಗೆ ತವರಿನಿಂದ ಬಂದ ಪಟ್ಟದ ಗೊಂಬೆಗಳು, ರಾಜ ರಾಣಿ. ಕೆಳಗೆ ಚನ್ನಪಟ್ಟಣದ ವಾದ್ಯದವರು, ಶೆಟ್ಟರ ಅಂಗಡಿ, ಮಗಳು ಮೇಘನಾಳ ಬಾಲ್ಯದ ಪ್ಲಾಸ್ಟಿಕ್ ಡೈನೋಸಾರು. ಕಿಟಕಿಯಾಚೆ ಸೇತುವೆ, ಸೇತುವೆಯ ಮೇಲೆ ಮ್ಯಾನ್‌ಹ್ಯಾಟನ್ನಿಗೆ ಹೊರಟು ನಿಂತಲ್ಲೇ ನಿಂತ ಕಾರುಗಳು. ಅವುಗಳ ನಡುವೆ ಒಂದು ಬಸ್ಸಿನಲ್ಲಿ ದಿನವೂ ನಾನೂ ನಿಂತಿರುತ್ತೇನೆ.

ಮೆಡಲ್ಲು ಹಾಕಿಕೊಂಡ ಸೋವಿಯತ್ ಸಿಪಾಯಿಯನ್ನು ನಾನು ಮೊದಲು ನೋಡಿದ್ದು ನನ್ನ ವಿಜ್ಞಾನದ ನೋಟ್‌ಬುಕ್ಕಿನ ಮೇಲೆ. ನಿಮಗೂ ನೆನಪಿರಬಹುದು, ಆಗ ಆ ದೇಶದ ನುಣುಪು ಕಾಗದದ ಪತ್ರಿಕೆಗಳು ಅಗ್ಗಕ್ಕೆ ಸಿಗುತ್ತಿದ್ದವು. ಓದುವವರು ಎಷ್ಟು ಜನರೋ ಗೊತ್ತಿಲ್ಲ, ಪುಸ್ತಕಕ್ಕೆ ರ‍್ಯಾಪರ್ ಹಾಕಲು ಮಾತ್ರ ಅವಕ್ಕೆ ಸಮನಾದದ್ದು ಬೇರೆ ಇರಲಿಲ್ಲ. ನನ್ನ ಪಾಲಿಗೆ ಬಂದ ಹಾಳೆಯಲ್ಲಿ ಒಬ್ಬ ಮುದುಕ ಎದೆಯ ತುಂಬ ಪದಕ ತೂಗಿಸಿಕೊಂಡು ನಗುತ್ತಿದ್ದ. ವರ್ಷವಿಡೀ ಅವನ ಜೊತೆ ಶಾಲೆಗೆ ಹೋದೆ. ಬೇಸರವಾದಾಗ ಇಂಕಿನಲ್ಲಿ ಅವನಿಗೆ ಮೀಸೆ ಬರೆದೆ. ಇಷ್ಟೊಂದು ಪದಕಕ್ಕೆ ಅಂಗಿ ಹರಿಯುವುದಿಲ್ಲವೇ ಎಂದು ತಮ್ಮ ಕೇಳಿದ್ದ. ಒಂದೊಂದರ ಹಿಂದೆಯೂ ಒಂದೊಂದು ದಿನ ಇರುತ್ತದೆ, ಆ ದಿನ ಯಾರಾದರೂ ಹಸಿದಿರಬಹುದು, ಹೆದರಿರಬಹುದು ಎಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ರಾಯ್ಸಾರ ಪರಿಚಯ ಶುರುವಾದದ್ದು ಡಬ್ಬಿಯಿಂದ. ನಾವು ಈ ಮನೆಗೆ ಬಂದ ವಾರದಲ್ಲೇ ಬಾಗಿಲು ತಟ್ಟಿ, ಮೊಸರಿನ ಖಾಲಿ ಡಬ್ಬಿಯಲ್ಲಿ ಏನೋ ಬಿಸಿಬಿಸಿ ತಂದುಕೊಟ್ಟರು. "ಹೆಚ್ಚಾಗಿಬಿಟ್ಟಿತು. ನಮ್ಮ ಮನೆಯಲ್ಲಿ ಅಡುಗೆ ಉಳಿಯಬಾರದು" ಅಂದರು. ಮೊಸರಿನ ಡಬ್ಬಿಯನ್ನು ಎಸೆಯದೆ ಇಟ್ಟುಕೊಳ್ಳುವವರು ಕನ್ನಡಿಗರು ಮಾತ್ರ ಎಂದುಕೊಂಡಿದ್ದ ನನಗೆ ಆ ಕ್ಷಣವೇ ಅವರ ಮೇಲೆ ಪ್ರೀತಿ ಬಂತು. ಡಬ್ಬಿಯನ್ನು ಖಾಲಿ ಹಿಂದಿರುಗಿಸಲಾಗದೆ ನಾನು ಚಿತ್ರಾನ್ನ ತುಂಬಿ ಕೊಟ್ಟೆ. ಅವರೂ ಖಾಲಿ ಡಬ್ಬಿ ಕೊಡುವವರಲ್ಲ. ಹೀಗೆ ಆ ಡಬ್ಬಿ ಎರಡು ಮನೆಯ ನಡುವೆ ವರ್ಷಗಟ್ಟಲೆ ಓಡಾಡಿತು.

ಹೋದ ವರ್ಷ ಅತ್ತೆ ಆರು ತಿಂಗಳಿಗೆಂದು ಬಂದಾಗ ಡಬ್ಬಿಯ ವ್ಯವಹಾರ ಅವರ ಕೈಗೆ ಹೋಯಿತು. ಅತ್ತೆಗೆ ಇಂಗ್ಲಿಷ್ ಬಾರದು, ರಾಯ್ಸಾಗೆ ಬಂದರೂ ಅದರಲ್ಲಿ ಮುಕ್ಕಾಲು ರಷ್ಯನ್. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅತ್ತೆ ಅವರನ್ನು ರಾಯಸಮ್ಮ ಎಂದು ಕರೆದು ನಮ್ಮ ನೆಂಟರ ಪೈಕಿ ಸೇರಿಸಿಕೊಂಡರು. ಏನು ಮಾತಾಡಿದಿರಿ ಎಂದು ಕೇಳಿದರೆ, "ಅವ್ರ ಮಂಡಿ ನೋವು, ನನ್ನ ಮಂಡಿ ನೋವು. ಇನ್ನೇನಿರ್ತದೆ?" ಅನ್ನುವರು.

ಹೋದ ನವರಾತ್ರಿಯ ಮೊದಲ ದಿನ ರಾಯ್ಸಾ ಆ ಮೆಡಲನ್ನು ತಂದರು. ಮುಖ ಸಣ್ಣಗಾಗಿತ್ತು. ಮರುದಿನ ಅವರಿಗೆ ಹೃದಯದ ಆಪರೇಷನ್. "ಖಾಲಿ ಮನೆಯಲ್ಲಿ ಅಪ್ಪನನ್ನು ಒಬ್ಬನನ್ನೇ ಬಿಟ್ಟು ಹೋಗಲು ಮನಸ್ಸಿಲ್ಲ. ನಿಮ್ಮ ಮೆಟ್ಟಿಲ ಮೇಲೆ ಜಾಗವಿದೆಯಾ?" ಎಂದು ಕೇಳಿದರು.

"ಯಾಕಿಲ್ಲ?" ಎಂದ ಅತ್ತೆ ನೇರವಾಗಿ ತುದಿಯ ಹಂತಕ್ಕೆ ಕೈ ಹಾಕಿ, ರಾಣಿಯನ್ನು ಸ್ವಲ್ಪ ಸರಿಸಿ, ರಾಜನ ಬಲಕ್ಕೆ ಮೆಡಲನ್ನು ಒರಗಿಸಿದರು. ಇದನ್ನು ಯಾಕೆ ಕೊಟ್ಟರು ಎಂದು ನಾನು ಕೇಳಿದೆ. ರಾಯ್ಸಾ ಮೆಡಲ್ಲನ್ನೇ ನೋಡುತ್ತಾ, "ಬಂದ ಮೇಲೆ ಹೇಳುತ್ತೇನೆ. ಉದ್ದ ಕಥೆ. ನನ್ನ ಮಗ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಗೊತ್ತಿರುವುದು ನನಗೊಬ್ಬಳಿಗೇ" ಎಂದರು. ನಾನು ಹೆಚ್ಚು ಒತ್ತಾಯ ಮಾಡಲಿಲ್ಲ. ಅವರು ಹೋದ ಮೇಲೆ ನೋಡಿದರೆ ಡಬ್ಬಿ ನಮ್ಮ ಮನೆಯಲ್ಲೇ ಉಳಿದಿತ್ತು.

ಗೊಂಬೆ ಕೂರಿಸಿದ ಮನೆಗೆ ಸಂಜೆಯಾದರೆ ಹೆಂಗಸರು ಮಕ್ಕಳು ಬರುತ್ತಾರೆ. ಓಲ್ಡ್ ಬ್ರಿಡ್ಜ್ ಎಂಬ ದೂರದ ಊರಿನಿಂದ ಡ್ರೈವ್ ಮಾಡಿಕೊಂಡು ಬರುವವರೂ ಇದ್ದಾರೆ. ಬಂದವರಿಗೆ ಒಂದೊಂದು ಗೊಂಬೆಯ ಕಥೆ ಹೇಳಿ, ಅರಿಶಿನ ಕುಂಕುಮ ಕೊಟ್ಟು, ಉಸಲಿ ಹಂಚಬೇಕು. ಕಥೆಯಿಲ್ಲದ ಗೊಂಬೆ ಹಂತದ ಮೇಲೆ ನಿಲ್ಲುವಂತಿಲ್ಲ ಎಂಬುದು ಅತ್ತೆಯ ಕಾನೂನು. ಡೈನೋಸಾರಿಗೂ ಅವರೊಂದು ಕಥೆ ಕಟ್ಟಿದ್ದರು. ಮೆಡಲ್ಲಿನ ಕಥೆ ರಾಯ್ಸಾ ಹೇಳಿ ಹೋಗಿರಲಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು, ಮೇಲಿದ್ದ ವಿಮಾನ, ಕೆಳಗಿದ್ದ ಟ್ಯಾಂಕು ನೋಡಿ, ತಾವೇ ಓದಿಕೊಂಡರು.

ಮೊದಲ ಸಂಜೆ ಗ್ರಿಗೊರಿ ಮೂರು ವಿಮಾನ ಹೊಡೆದುರುಳಿಸಿದರು. ಮೂರನೆಯ ಸಂಜೆಯ ಹೊತ್ತಿಗೆ ಶತ್ರುವಿನ ಟ್ಯಾಂಕನ್ನು ಬರಿಗೈಯಲ್ಲಿ ಹಿಡಿದರು. ಆಯುಧಪೂಜೆಯ ದಿನ ಅದಕ್ಕೆ ಹಗ್ಗ ಹಾಕಿ ಹಿಮದಲ್ಲಿ ಎಳೆದುಕೊಂಡು ಬಂದರು. ಕೇಳಿದ ಮಕ್ಕಳು ಬಾಯಿ ತೆರೆದು ಕೂತವು.

ಮೇಘನಾಗೆ ತಡೆಯಲಾಗಲಿಲ್ಲ. "ಅಜ್ಜಿ, ಇಟ್ಸ್ ಜಸ್ಟ್ ದ ಡಿಸೈನ್. ಎವ್ರಿಬಡಿ ಗಾಟ್ ದ ಸೇಮ್ ಪ್ಲೇನ್ಸ್" ಅಂದಳು.

ನಾನು ಅನುವಾದಿಸಿದೆ. ಅತ್ತೆ, "ಎಲ್ರುಗೂ ಅದೇ ಕೊಟ್ಟವ್ರೆ ಅಂದ್ರೆ ಎಲ್ರೂ ಬೀಳ್ಸವ್ರೆ. ಅದ್ಕೇ ಗೆದ್ದವ್ರೆ" ಎಂದರು.

ವಿಜಯದಶಮಿ ಬಂತು. ಅಂದು ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುವುದು ಪದ್ಧತಿ. ಆಸ್ಪತ್ರೆಯಿಂದ ಬಂದ ಸುದ್ದಿ ಚೆನ್ನಾಗಿರಲಿಲ್ಲ. ಆಪರೇಷನ್ ಆದ ಮೇಲೆ ಸೋಂಕು ತಗುಲಿ ರಾಯ್ಸಾರನ್ನು ಮತ್ತೆ ಐಸಿಯುಗೆ ಹಾಕಿದ್ದರು. ನಾನು ಗೊಂಬೆ ಮಲಗಿಸಲು ಹೋದರೆ ಅತ್ತೆ ನನ್ನ ಕೈ ಹಿಡಿದರು.

"ಮಗಳು ಆಸ್ಪತ್ರೇಲಿ ಮಲಗಿರುವಾಗ ಅವ್ರಪ್ಪನ್ನ ಹೆಂಗಮ್ಮ ಮಲಗ್ಸಾದು? ಅವ್ರು ಬಂದು ಕುಂಕುಮ ತಗಂಡು, ಅವ್ರ ಕೈಯಾರೆ ಎತ್ತಲಿ. ಅಲ್ಲೀಗಂಟ ಎಲ್ಲಾ ನಿಂತಿರ‍್ಲಿ."

ಹಾಗೆ ನಿಂತವು. ದೀಪಾವಳಿಯ ಹಣತೆ ಗೊಂಬೆಗಳ ಮುಂದೆಯೇ ಹಚ್ಚಿದ್ದಾಯಿತು. ಹ್ಯಾಲೊವೀನ್ ದಿನ ಚಾಕೊಲೇಟಿಗೆ ಬಂದ ಬಿಲ್ಡಿಂಗಿನ ಮಕ್ಕಳು ಒಳಗೆ ಇಣುಕಿ, ಇಷ್ಟು ಒಳ್ಳೆಯ ಅಲಂಕಾರ ಈ ಮಹಡಿಯಲ್ಲೇ ಇಲ್ಲ ಎಂದು ಹೊಗಳಿದವು. ಟಿವಿಗೆ ಅಡ್ಡವಾಗಿ ಹಂತಗಳಿದ್ದುದರಿಂದ ನಮ್ಮ ಯಜಮಾನರು ಕ್ರಿಕೆಟ್ಟನ್ನು ಫೋನಿನಲ್ಲಿ ನೋಡಿ ನೋಡಿ ಕಣ್ಣು ಕೆಂಪಗೆ ಮಾಡಿಕೊಂಡರು. ಥ್ಯಾಂಕ್ಸ್‌ಗಿವಿಂಗ್‌ಗೆ ಬಂದ ಸ್ನೇಹಿತರು, "ಇನ್ನೂ ತೆಗೆದಿಲ್ವಾ?" ಎಂದು ಕೇಳಿದರು. ಎದುರು ಮನೆಯವರು ಬರಲಿ ಎಂದೆ. ನಿಜ ಹೇಳಬೇಕೆಂದರೆ, ಬೆಳಿಗ್ಗೆ ಬಸ್ಸಿಗೆ ಹೊರಡುವ ಮುನ್ನ ತುದಿಯ ಹಂತದ ಕಡೆ ನೋಡುವುದು ನನಗೂ ಅಭ್ಯಾಸವಾಗಿಬಿಟ್ಟಿತ್ತು. ಹಂತ ತೆಗೆದರೆ ಆಸ್ಪತ್ರೆಯಲ್ಲಿ ರಾಯ್ಸಾಗೆ ಏನಾದರೂ ಆದೀತೆಂದು ಹೆದರಿಕೆ. ಓದಿದವಳು, ಕಂಪ್ಯೂಟರಿನಲ್ಲಿ ಕೆಲಸ ಮಾಡುವವಳು, ಆದರೂ ಹೆದರಿಕೆ.

ಅತ್ತೆಯಂತೂ ರಾಯ್ಸಾರ ಡಬ್ಬಿಯನ್ನು ತೊಳೆದು ಒಲೆಯ ಪಕ್ಕದಲ್ಲೇ ಇಟ್ಟಿದ್ದರು. ಏನೇ ಅಡುಗೆ ಮಾಡಿದರೂ ಮೊದಲು ಅದರ ಕಡೆ ಒಂದು ನೋಟ.

ಮೊದಲ ಹಿಮ ಬಿದ್ದ ಡಿಸೆಂಬರಿನ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ವಾಕರ್ ಹಿಡಿದು, ಅರ್ಧದಷ್ಟಾಗಿ ಹೋಗಿದ್ದ ರಾಯ್ಸಾ ನಿಂತಿದ್ದರು. ಒಳಗೆ ನೋಡಿ, ಎಲ್ಲ ಗೊಂಬೆಗಳೂ ಹಾಗೇ ಇರುವುದನ್ನು ಕಂಡು, ಇದು ಯಾವ ಹಬ್ಬ ಎಂದು ಕೇಳಿದರು. "ನಿಮ್ಮ ಹಬ್ಬ" ಎಂದೆ. ಅತ್ತೆ ಅವರ ಕೆನ್ನೆ ಸವರಿ, ಹಣೆಗೆ ಕುಂಕುಮವಿಟ್ಟು, ಸೋಫಾದ ಮೇಲೆ ಕೂರಿಸಿ, ಬಿಸಿ ಅನ್ನಕ್ಕೆ ತಿಳಿಸಾರು ಕಲಸಿ ತಂದುಕೊಟ್ಟರು. ಊಟವಾದ ಮೇಲೆ ಅತ್ತೆಯೇ, "ಈಗ ಕೇಳಮ್ಮ ಕಥೆಯ" ಎಂದು ನನ್ನನ್ನು ತಿವಿದರು. ಮೂರು ವಿಮಾನದಲ್ಲಿ ಒಂದಾದರೂ ನಿಜವಾಗಲಿ ಎಂಬ ಆಸೆ ಅವರ ಮುಖದಲ್ಲಿತ್ತು. ಇಬ್ಬರ ನಡುವೆ ನಾನು ದುಭಾಷಿಯಾಗಿ ಕೂತೆ.

"ನನ್ನಪ್ಪ ಸೈನ್ಯದಲ್ಲಿ ಅಡುಗೆಯವನು" ಎಂದು ಶುರು ಮಾಡಿದರು ರಾಯ್ಸಾ.

ನಾನು ಅದನ್ನು ಕನ್ನಡದಲ್ಲಿ ಹೇಳಿ ಅತ್ತೆಯ ಮುಖ ನೋಡಿದೆ. ಟ್ಯಾಂಕಿಗೆ ಕಟ್ಟಿದ್ದ ಹಗ್ಗ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು.

ಚಳಿಗಾಲವಂತೆ. ಕಂದಕದಲ್ಲಿದ್ದ ಹುಡುಗರಿಗೆ ಹಿಂದಿನ ದಿನದಿಂದ ಬಿಸಿ ಊಟವಿಲ್ಲ. ನಡುವೆ ಬಟಾಬಯಲು, ತಲೆಯೆತ್ತಿದರೆ ಗುಂಡು. ಊಟ ಹೊತ್ತು ಹೋದ ಇಬ್ಬರು ವಾಪಸು ಬಂದಿರಲಿಲ್ಲ. ಗ್ರಿಗೊರಿ ತಾನೇ ಗಂಜಿ ಕುದಿಸಿದ. ಕಂದು ಬಣ್ಣದ ನುಚ್ಚಿನಂಥ ಧಾನ್ಯ, ಅದರಲ್ಲಿ ಮಾಂಸದ ಚೂರು. ದೊಡ್ಡ ತಗಡಿನ ಥರ್ಮಾಸಿಗೆ ತುಂಬಿ, ಬೆನ್ನಿಗೆ ಕಟ್ಟಿಕೊಂಡು, ಹೊಟ್ಟೆಯ ಮೇಲೆ ತೆವಳುತ್ತಾ ಹೊರಟ. ಹೋಗಬೇಕೆಂದು ಯಾರೂ ಅಪ್ಪಣೆ ಕೊಟ್ಟಿರಲಿಲ್ಲ.

"ಅರ್ಧ ದಾರಿಯಲ್ಲಿ ಬೆನ್ನಿಗೆ ಏನೋ ಬಡಿಯಿತು. ಬಿಸಿಯಾಗಿ ಇಳಿಯತೊಡಗಿತು. ರಕ್ತ, ಇನ್ನು ಮುಗಿಯಿತು ಎಂದುಕೊಂಡ. ಕೈ ಹಿಂದೆ ಹಾಕಿ ಮುಟ್ಟಿದ, ನಾಲಿಗೆಗೆ ಹಚ್ಚಿ ನೋಡಿದ." ರಾಯ್ಸಾ ಇಲ್ಲಿ ನಕ್ಕರು. "ಆಗ ತನಗೆ ಏನನ್ನಿಸಿತು ಅಂತ ಅಪ್ಪ ಯಾವಾಗಲೂ ಹೇಳುತ್ತಿದ್ದ. ಸದ್ಯ, ಉಪ್ಪು ಸರಿಯಾಗಿದೆ!"

ಗುಂಡು ಥರ್ಮಾಸಿಗೆ ತೂತು ಮಾಡಿತ್ತು. ಕೈಗವಸು ಕಳಚಿ ತೂತಿಗೆ ತುರುಕಿದ. ಆ ಚಳಿಗೆ ಬರಿಗೈ, ಬೆನ್ನಿನ ಮೇಲೆ ಸುಡುವ ಗಂಜಿ. ಸುಟ್ಟ ಗುರುತು ಸಾಯುವವರೆಗೂ ಇತ್ತಂತೆ. ಮಗಳಾಗಿ ಅವರು ಆ ಬೆನ್ನಿಗೆ ಎಷ್ಟೋ ಸಲ ಎಣ್ಣೆ ಹಚ್ಚಿದ್ದರು. ಹೀಗೆ ತೆವಳಿ ಕಂದಕಕ್ಕೆ ಬಿದ್ದು, ಸೌಟು ಹಿಡಿದು ಬಡಿಸಿದ. ಅದಕ್ಕೆ ಕೊಟ್ಟದ್ದು ಈ ಮೆಡಲ್ಲು.

"ಎಲ್ಲರಿಗೂ ಸಾಕಾಯಿತಾ?" ಎಂದು ನಾನು ಕೇಳಿದೆ. ಅರ್ಧ ಸೋರಿಹೋಗಿತ್ತಲ್ಲ.

ರಾಯ್ಸಾ ಮೆಡಲ್ಲಿನ ಕಡೆ ನೋಡಿದರು. "ಉಳಿಯಿತು. ಅಪ್ಪ ಇಡೀ ತುಕಡಿಗೆ ಆಗುವಷ್ಟು ಮಾಡಿಕೊಂಡು ಹೋಗಿದ್ದ. ಅರ್ಧ ಸೋರಿದ ಮೇಲೂ ಉಳಿಯಿತು. ಉಣ್ಣುವವರು ಅಷ್ಟು ಕಡಿಮೆಯಾಗಿದ್ದರು."

ಇದನ್ನು ಕನ್ನಡದಲ್ಲಿ ಹೇಳಿದೆ. ಮುಂದೆ ಕೇಳಲು ನನಗೇನೂ ತೋಚಲಿಲ್ಲ. ಅತ್ತೆಗೆ ತೋಚಿತು.

"ಮಿಕ್ಕಿದ್ದನ್ನ ಏನ್ಮಾಡುದ್ರಂತೆ?"

ರಾಯ್ಸಾ ತಲೆಯೆತ್ತಿದರು. "ಇದನ್ನು ಇದುವರೆಗೆ ಯಾರೂ ಕೇಳಿಲ್ಲ. ಅಪ್ಪ ಇದ್ದಾಗ ಎಲ್ಲರೂ ಗುಂಡಿನ ವಿಷಯ ಕೇಳುತ್ತಿದ್ದರು, ಬೆನ್ನಿನ ವಿಷಯ ಕೇಳುತ್ತಿದ್ದರು" ಎಂದು ಮುಂದುವರಿಸಿದರು. "ಸತ್ತ ಹುಡುಗರ ತಟ್ಟೆಗಳು ಅಲ್ಲೇ ಇದ್ದವು. ಅಪ್ಪ ಆ ತಟ್ಟೆಗಳನ್ನೂ ಸಾಲಾಗಿ ಇಟ್ಟು ಬಡಿಸಿದ. ಉಳಿದ ಹುಡುಗರಿಗೆ ಅದನ್ನು ನೋಡಲಾಗಲಿಲ್ಲ. ಎಲ್ಲರೂ ಆ ಕಡೆ ತಿರುಗಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ, ಆಯಿತು, ಈಗ ನೀವು ತಿನ್ನಿ, ಚೆಲ್ಲಬಾರದು ಎಂದ. ಆ ತಟ್ಟೆಗಳನ್ನು ಹಂಚಿಕೊಂಡು ತಿಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅಡುಗೆ ಉಳಿದರೆ ಅಪ್ಪ ನೆರೆಯವರ ಬಾಗಿಲು ತಟ್ಟುತ್ತಿದ್ದ. ಈಗ ನಾನು ತಟ್ಟುತ್ತೇನೆ."

ನಾನು ಹೇಗೋ ಅನುವಾದ ಮುಗಿಸಿದೆ. ಅತ್ತೆ ಎದ್ದು ನಿಂತಿದ್ದರು. ಸೆರಗಿನಿಂದ ಕಣ್ಣು ಒರೆಸಿಕೊಂಡು, ತುದಿಯ ಹಂತಕ್ಕೆ ಕೈ ಮುಗಿದರು.

"ಎಡೆ ಇಟ್ಟವ್ರೆ ಕಣಮ್ಮ. ನಮ್ಮಂಗೇ ಎಡೆ ಇಟ್ಟವ್ರೆ. ಅಲ್ಲಿ ಮುಚ್ಚಕ್ಕೆ ಬಾಗಿಲು ಇರ‍್ನಿಲ್ಲ, ಅದ್ಕೆ ತಿರುಗಿ ಕೂತವ್ರೆ."

ಎಡೆ ಎಂದರೇನೆಂದು ರಾಯ್ಸಾಗೆ ವಿವರಿಸಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೇಳಿ ಅವರು ಅತ್ತೆಯ ಕೈ ಹಿಡಿದುಕೊಂಡರು. ಇಬ್ಬರು ಮುದುಕಿಯರೂ ಅತ್ತರು. ನಾನೂ ಅತ್ತದ್ದರಲ್ಲಿ ವಿಶೇಷವೇನಿಲ್ಲ, ನಾನು ಟಿವಿಯ ಜಾಹೀರಾತಿಗೂ ಅಳುವವಳು. ಕಾಲೇಜಿನಿಂದ ಆಗತಾನೇ ಬಂದ ಮೇಘನಾ ಮಾತ್ರ, "ವಾಟ್ ಹ್ಯಾಪನ್ಡ್? ಆರ್ ಯು ಗೈಸ್ ಓಕೆ?" ಎಂದು ಬಾಗಿಲಲ್ಲೇ ನಿಂತಳು. ಅವಳನ್ನು ಕೂರಿಸಿಕೊಂಡು ರಾಯ್ಸಾ ಮೊದಲಿನಿಂದ ಮತ್ತೆ ಹೇಳಿದರು. ಕಥೆ ಗೊತ್ತಿರುವವರು ಒಬ್ಬರಿಂದ ನಾಲ್ವರಾದೆವು.

ಅಂದು ಸಂಜೆ ಗೊಂಬೆಗಳು ಪೆಟ್ಟಿಗೆ ಸೇರಿದವು. ಮೆಡಲನ್ನು ರಾಯ್ಸಾ ತಮ್ಮ ಕೈಯಾರೆ ಎತ್ತಿದರು. ಅತ್ತೆ ತಮ್ಮ ವಾಯಿಲ್ ಸೀರೆ ಹರಿದು, ಪಟ್ಟದ ಗೊಂಬೆಗಳಿಗೆ ಸುತ್ತಿದ ಬಟ್ಟೆಯಲ್ಲೇ ಒಂದು ತುಂಡನ್ನು ಅದಕ್ಕೂ ಸುತ್ತಿದರು. ಡಬ್ಬಿಯಲ್ಲಿ ಸಾರನ್ನ ತುಂಬಿಕೊಟ್ಟರು. ಜನವರಿಯಲ್ಲಿ ಅವರು ಮೈಸೂರಿಗೆ ಹೊರಡುವ ದಿನ ಏರ್‌ಪೋರ್ಟಿಗೆ ಹೋಗುವ ದಾರಿಯುದ್ದಕ್ಕೂ ಒಂದೇ ಮಾತು: "ಆ ಮೂರು ವಿಮಾನದ ಕಥೆ ಕೇಳ್ಕಂಡು ಹೋದೋರ‍್ಗೆಲ್ಲ ಫೋನ್ ಮಾಡಿ ನಿಜ ಹೇಳ್ಬುಡು. ಇದು ಅದುಕ್ಕಿಂತ ದೊಡ್ಡದು." ನಾನು ಮಾಡಿದೆ. ಓಲ್ಡ್ ಬ್ರಿಡ್ಜ್‌ನ ಆಂಟಿಯೊಬ್ಬರಿಗೆ ಮಾತ್ರ ಟ್ಯಾಂಕು ಹೋದದ್ದಕ್ಕೆ ಇವತ್ತಿಗೂ ಬೇಸರವಿದೆ.

ಅಯ್ಯೋ, ಮೊನ್ನೆ ರಾಯ್ಸಾರನ್ನು ಬಾಗಿಲಲ್ಲೇ ನಿಲ್ಲಿಸಿ ನಿಮ್ಮ ಹತ್ತಿರ ಮಾತಾಡುತ್ತಾ ಕೂತೆ ನೋಡಿ. ಗಂಟನ್ನು ತೆಗೆದುಕೊಂಡು ಅವರನ್ನು ಒಳಗೆ ಕರೆದು ಕೂರಿಸುವಷ್ಟರಲ್ಲಿ ಫೋನ್ ಬಡಿಯಿತು. ಇಲ್ಲಿ ಬೆಳಿಗ್ಗೆಯಾದರೆ ಮೈಸೂರಿನಲ್ಲಿ ಸಂಜೆ. ವಿಡಿಯೊದಲ್ಲಿ ಅತ್ತೆ. ಆಗಷ್ಟೇ ಎಡೆಯ ಊಟ ಮುಗಿಸಿ ಎದ್ದಿದ್ದರು. ಕ್ಯಾಮೆರಾ ತಿರುಗಿಸಿ ಎಲೆಗಳನ್ನು ತೋರಿಸಿದರು. ಮಾವನದು, ಮಾವನ ಅಪ್ಪ ಅಮ್ಮನದು, ನನ್ನ ತಾತನಿಗೂ ಒಂದು. ಆ ಸಾಲಿನ ಕೊನೆಯಲ್ಲಿ ಎಲೆಯಲ್ಲ, ಒಂದು ಸ್ಟೀಲ್ ತಟ್ಟೆ.

"ಅದು ಯಾರಿಗೆ ಅತ್ತೆ?" ಅಂದೆ.

"ರಾಯಸಮ್ಮನ ಅಪ್ಪಂಗೆ, ಆ ಹುಡುಗ್ರಿಗೆ. ಅವ್ರ ಧಾನ್ಯ ಇಲ್ಲಿ ಸಿಗ್ನಿಲ್ಲ. ಗೋಧಿ ನುಚ್ಚು ಹುರುದು, ಮಾಂಸ ಹಾಕಿ ಗಂಜಿ ಮಾಡ್ದೆ. ಬಾಗಿಲೂ ಮುಚ್ಚಿದ್ದೆ."

ರಾಯ್ಸಾ ಫೋನಿನ ಕಡೆ ಬಾಗಿ, ಏನು ಹೇಳುತ್ತಿದ್ದಾರೆ ಎಂದು ನನ್ನ ತೋಳು ಹಿಡಿದರು. ನಾನು ಹೇಳುವ ಮೊದಲೇ ಅತ್ತೆ ಅವರನ್ನು ಕಂಡು, ಫೋನನ್ನು ಮುಖದ ಹತ್ತಿರ ತಂದುಕೊಂಡರು.

"ಎಡೆ ಇಡಾಕೆ ಮುಂಚೆ ರುಚಿ ನೋಡಂಗಿಲ್ಲ ಅಲ್ವಾ, ಅದ್ಕೆ ಭಯ ಇತ್ತು. ಈಗ ಉಂಡೆ. ರಾಯಸಮ್ಮಂಗೆ ಹೇಳಮ್ಮ, ಉಪ್ಪು ಸರಿಯಾಗಿತ್ತು ಅಂತ."